ಪೆಟ್ರೋಲ್ ಜೀಪಿಗೆ ಬೇರೆ ಎಂಜಿನ್ ಹಾಕದಿರಲು ಕಾರಣ

ಹೋದ ಮಳೆಗಾಲದಲ್ಲಿ, ಮೂಡಿಗೆರೆ ಸೀಮೆಯ ನಮ್ಮ ತೋಟದ ಮೇಲಿನ ಏರನ್ನು ಅಪ್ಪನ ಕಾಲದ ಜೀಪು ನಾಲ್ಕು ಚೀಲ ಗೊಬ್ಬರ ಹೊತ್ತು ಹತ್ತಿದ್ದನ್ನು ಕಂಡವರೆಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಎಂಜಿನ್ ಹಾಕಿಸಿದಿರಿ? ಬೇರೆ ಯಾವ ಎಂಜಿನ್ನೂ ಅದರಲ್ಲಿಲ್ಲ, ಕಾರ್ಖಾನೆಯಿಂದ ಬಂದ ಪೆಟ್ರೋಲ್ ಎಂಜಿನ್ನೇ ಇದೆ ಎಂದಾಗ ಹಲವರು ನಂಬಲಿಲ್ಲ. ಒಬ್ಬರು ಬಾನೆಟ್ ಎತ್ತಿಸಿ ನೋಡಿಯೇ ಹೋದರು. ಅವರ ಅನುಮಾನಕ್ಕೆ ಅರ್ಥವಿದೆ, ಏಕೆಂದರೆ ಮೂರು ವರ್ಷಗಳ ಹಿಂದೆ ಅದೇ ಜೀಪು ಅದೇ ಏರಿನ ಅರ್ಧಕ್ಕೆ ನಿಂತು, ಖಾಲಿ ಗಾಡಿಯಾಗಿಯೇ ಹಿಂದಕ್ಕೆ ಜಾರಿದ್ದನ್ನೂ ಅವರು ನೋಡಿದ್ದರು. ಈ ನಡುವೆ ಏನೇನು ಮಾಡಿದೆವು, ಏನನ್ನು ಮಾಡದೆ ಬಿಟ್ಟೆವು ಎಂಬುದನ್ನು ಬರೆದಿಟ್ಟರೆ ಇಂಥದೇ ಹಳೆಯ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡಿರುವ ಯಾರಿಗಾದರೂ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಗಾಡಿ 1972ರ ಮಹೀಂದ್ರಾ, ಸಿಜೆ-3ಬಿ ಮಾದರಿಯದು. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿಯನ್ನು ಅಲ್ಲಿ 1968ಕ್ಕೇ ನಿಲ್ಲಿಸಿದರೂ ನಮ್ಮಲ್ಲಿ ಅದರ ವಂಶ ಇನ್ನೂ ಹಲವು ವರ್ಷ ಬೆಳೆಯಿತು; ಮಲೆನಾಡಿನ ಕಾಫಿ ತೋಟಗಳಲ್ಲಿ 'ಜೀಪು' ಎಂದರೆ ಕಣ್ಣಮುಂದೆ ಬರುವ ಆ ಎತ್ತರದ ಬಾನೆಟ್ಟಿನ ಮುಖ ಇದರದೇ. ಬಾನೆಟ್ ಅಷ್ಟು ಎತ್ತರವಾಗಿರುವುದು ಅಂದಕ್ಕಲ್ಲ. ಹರಿಕೇನ್ ಎಂಬ ಹೆಸರಿನ 2199 ಸಿಸಿ ಎಂಜಿನ್ನಿನಲ್ಲಿ ಒಳಗೆ ಗಾಳಿ ಬಿಡುವ ವಾಲ್ವುಗಳು ಮೇಲಿನ ಮುಚ್ಚಳವಾದ ಹೆಡ್ಡಿನಲ್ಲಿಯೂ ಹೊಗೆ ಹೊರಬಿಡುವ (ಎಕ್ಸಾಸ್ಟ್) ವಾಲ್ವುಗಳು ಕೆಳಗೆ ಸಿಲಿಂಡರುಗಳಿರುವ ಬ್ಲಾಕಿನಲ್ಲಿಯೂ ಇರುತ್ತವೆ; ಹೆಡ್ಡಿಗೆ ವಾಲ್ವು ಬಂದದ್ದರಿಂದ ಎಂಜಿನ್ ಹಳೆಯದಕ್ಕಿಂತ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮದು ಎಡಗಡೆ ಸ್ಟೀರಿಂಗಿನ ಗಾಡಿ. ಹಿಂಭಾಗದ ಬಾಗಿಲಿನ ಮೇಲೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದ ಅಕ್ಷರಗಳನ್ನು ಹೊಸ ಬಣ್ಣ ಹೊಡೆಯುವಾಗಲೂ ನಾನು ಅಳಿಸಲು ಬಿಡಲಿಲ್ಲ.

ನಾನು ಕೆಲಸ ಶುರುಮಾಡುವಾಗ ಮನಸ್ಸಿನಲ್ಲಿದ್ದದ್ದು ಡೀಸೆಲ್ ಎಂಜಿನ್. ಪೆಟ್ರೋಲಿನ ಖರ್ಚು ತಾಳಲಾರದೆ ತೋಟದವರು ಇಂಥ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡದ್ದು ಹಳೆಯ ಸಂಗತಿ. ಕಾಂಟೆಸ್ಸಾ ಕಾರಿಗೆ ಬರುತ್ತಿದ್ದ ಎರಡು ಲೀಟರಿನ ಇಸುಜು ಡೀಸೆಲ್ ಎಂಜಿನ್ನನ್ನು ಅದರ ಐದು ಗೇರಿನ ಪೆಟ್ಟಿಗೆಯ ಸಮೇತ ಜೀಪಿಗೆ ಹೊಂದಿಸುವ ಕೈಗಳು ಈಗಲೂ ಇವೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಂದನ್ನು ನೋಡಿಟ್ಟೂ ಬಂದಿದ್ದೆ. ಅಪ್ಪನ ಕಾಲದಿಂದ ಈ ಜೀಪಿಗೆ ಕೈ ಹಾಕಿದ ಮೇಸ್ತ್ರಿಯೊಬ್ಬರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ಎಂಜಿನ್ ಬದ್ಲಾಯ್ಸೋದು ಆಮೇಲೆ ಗೌಡ್ರೇ, ಇದ್ದ ಶಕ್ತಿ ಎಲ್ಲಿಗೆ ಹೋಯ್ತು ಅಂತ ಮೊದ್ಲು ನೋಡಾಣ" ಎಂದರು. ನಾನು ಹೇಳಬೇಕೆಂದಿರುವುದರ ತಿರುಳೂ ಇದೇ. ಐವತ್ತು ವರ್ಷದ ಗಾಡಿಗೆ ಶಕ್ತಿ ಸಾಲದು ಎಂದು ನಮಗೆ ಅನ್ನಿಸುವಾಗ, ಹೆಚ್ಚಿನ ಪಾಲು ಅದು ತನ್ನದೇ ಶಕ್ತಿಯನ್ನು ಹತ್ತು ಕಡೆ ಸೋರಿಕೊಂಡು ಓಡುತ್ತಿರುತ್ತದೆ.

ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಒಂದೊಂದು ರಂಧ್ರಕ್ಕೂ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಟ್ಟು ಸ್ಟಾರ್ಟರ್ ತಿರುಗಿಸಿದೆವು. ಮೊದಲನೆಯದರಲ್ಲಿ ಚದರ ಇಂಚಿಗೆ 105 ಪೌಂಡ್, ಎರಡನೆಯದರಲ್ಲಿ 100, ನಾಲ್ಕನೆಯದರಲ್ಲಿ 105. ಮೂರನೆಯದರಲ್ಲಿ ಮುಳ್ಳು 55 ದಾಟಲಿಲ್ಲ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೂ ಮುಳ್ಳು ಹೆಚ್ಚು ಏರಲಿಲ್ಲ. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಎಣ್ಣೆ ಆ ಸಂದನ್ನು ಒಂದಷ್ಟು ಹೊತ್ತು ಮುಚ್ಚಿ ಒತ್ತಡ ಏರುತ್ತದೆ. ಏರದಿದ್ದರೆ ದೋಷ ಹೆಚ್ಚಾಗಿ ವಾಲ್ವಿನದು. ಹೀಗೆ, ಅಪ್ಪ ತೀರಿಕೊಂಡ ಮೇಲೆ ನಾನು ಓಡಿಸುತ್ತಿದ್ದದ್ದು ಬಹುಮಟ್ಟಿಗೆ ಮೂರು ಸಿಲಿಂಡರಿನ ಗಾಡಿಯಾಗಿತ್ತು. ಒಂದು ಗೇಜ್ ಕೊಳ್ಳುವ ಖರ್ಚಿನಲ್ಲಿ ತಿಳಿಯಬಹುದಾಗಿದ್ದ ಈ ವಿಷಯ ತಿಳಿಯದೆ ನಾನು ಹೊಸ ಎಂಜಿನ್ನಿನ ಲೆಕ್ಕ ಹಾಕುತ್ತಿದ್ದೆ.

ಹೆಡ್ ಬಿಚ್ಚಿದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು, ಇಲಿ ಕಡಿದ ರೊಟ್ಟಿಯ ಹಾಗೆ ಚಕ್ಕೆ ಎದ್ದಿತ್ತು. ಹೊಸ ವಾಲ್ವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಅದನ್ನು ಸೀಟಿಗೆ, ಎಂದರೆ ವಾಲ್ವು ಮುಚ್ಚಿಕೊಂಡು ಕೂರುವ ಅಂಚಿಗೆ, ಕೂರಿಸುವ ಕೆಲಸವನ್ನು ಮೇಸ್ತ್ರಿ ನನ್ನ ಕೈಯಲ್ಲೇ ಮಾಡಿಸಿದರು. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟನ್ನು ತೆಳುವಾಗಿ ಹಚ್ಚಿ, ತುದಿಯಲ್ಲಿ ರಬ್ಬರ್ ಬಟ್ಟಲಿರುವ ಮರದ ಕೋಲನ್ನು ಅದರ ತಲೆಗೆ ಅಂಟಿಸಿ, ಎರಡು ಅಂಗೈಗಳ ನಡುವೆ ಕಡಗೋಲು ತಿರುಗಿಸುವಂತೆ ಅತ್ತಿತ್ತ ತಿರುಗಿಸಬೇಕು. ಐದಾರು ಸಲ ತಿರುಗಿಸಿದ ಮೇಲೆ ಸ್ವಲ್ಪ ಎತ್ತಿ, ಕಾಲು ಸುತ್ತು ಹೊರಳಿಸಿ, ಮತ್ತೆ ಇಳಿಸಬೇಕು. ಇಲ್ಲದಿದ್ದರೆ ಪೇಸ್ಟ್ ಒಂದೇ ಜಾಗದಲ್ಲಿ ಗೀರು ಬೀಳಿಸುತ್ತದೆ. ಶುರುವಿನಲ್ಲಿ ಮರಳು ಅರೆದಂತೆ ಬರುವ ಕರಕರ ಸದ್ದು ಬರಬರುತ್ತಾ ನುಣ್ಣಗಾಗಿ, ಕೊನೆಗೆ ಬರೀ ಉಸಿರಿನಷ್ಟಾಗುತ್ತದೆ. ಆಗ ಒರೆಸಿ ನೋಡಿದರೆ ವಾಲ್ವಿನ ಸುತ್ತ ಎಲ್ಲಿಯೂ ತುಂಡಾಗದ, ಒಂದೇ ಅಗಲದ ಬೂದುಬಣ್ಣದ ಉಂಗುರ ಕಾಣಬೇಕು. ಹೆಡ್ಡಿನಲ್ಲಿರುವ ವಾಲ್ವುಗಳನ್ನಾದರೆ ಮೇಜಿನ ಮೇಲಿಟ್ಟುಕೊಂಡು ಉಜ್ಜಬಹುದು. ಬ್ಲಾಕಿನಲ್ಲಿರುವ ನಾಲ್ಕನ್ನು ಮಡ್‌ಗಾರ್ಡಿನ ಮೇಲೆ ಬಾಗಿ ನಿಂತೇ ಉಜ್ಜಬೇಕು, ಪೇಸ್ಟಿನ ಒಂದು ಕಣವೂ ಸಿಲಿಂಡರಿಗೆ ಬೀಳದಂತೆ ಬಟ್ಟೆ ತುರುಕಿರಬೇಕು. ನನಗೆ ನಾಲ್ಕು ವಾಲ್ವಿಗೆ ಎರಡು ದಿನ ಹಿಡಿಯಿತು. ಮುಗಿದ ಮೇಲೆ ವಾಲ್ವಿನ ಮೇಲೆ ಸೀಮೆಎಣ್ಣೆ ಸುರಿದು ಊಟಕ್ಕೆ ಹೋದೆವು. ಬಂದು ನೋಡಿದಾಗ ಸುರಿದದ್ದು ಸುರಿದಂತೆಯೇ ನಿಂತಿತ್ತು.

ಆ ವಾಲ್ವು ಸುಟ್ಟಿದ್ದಕ್ಕೆ ಪೆಟ್ರೋಲಿನ ಬದಲಾವಣೆಯೂ ಒಂದು ಕಾರಣವಿರಬೇಕು. ಈ ಎಂಜಿನ್ ರೂಪುಗೊಂಡದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಆ ಸೀಸ ಎಕ್ಸಾಸ್ಟ್ ವಾಲ್ವು ಮತ್ತು ಅದರ ಸೀಟಿನ ನಡುವೆ ತೆಳುವಾದ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಜನರ ಆರೋಗ್ಯದ ದೃಷ್ಟಿಯಿಂದ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ನಿಂತದ್ದು ತೀರಾ ಅಗತ್ಯವಾಗಿದ್ದ ಕ್ರಮವೇ. ಆದರೆ ಹಳೆಯ ಎಂಜಿನ್ನುಗಳಿಗೆ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಿಕೊಳ್ಳಬೇಕಾದ ಕೆಲಸ ಅಲ್ಲಿಂದ ನಮ್ಮ ಪಾಲಿಗೆ ಬಂತು. ಲೇತ್ ಕೆಲಸದವರಲ್ಲಿ ನಾವು ಮೂರನೆಯದಕ್ಕೆ ಹೊಸ ಸೀಟನ್ನೇ ಒತ್ತಿಸಿದೆವು. ಎರಡನೆಯ ಬದಲಾವಣೆ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20, ಎಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲ ಬಂಕುಗಳಲ್ಲೂ ಬಂದಿದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅಷ್ಟೇ ಪ್ರಮಾಣದ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಶಾಖ ಕೊಡುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೂ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎ.ಸಿ. ಪಂಪಿನ ಡಯಾಫ್ರಾಮನ್ನೂ ಎಥನಾಲ್ ತಡೆಯುವಂಥವುಗಳಿಗೆ ಬದಲಾಯಿಸಿದೆವು; ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ರಂಧ್ರವಾದ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದೆವು. ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು, ತುಂಬಿಸಿಯೇ ನಿಲ್ಲಿಸಬೇಕು.

ಉಳಿದ ಸೋರಿಕೆಗಳು ಚಿಕ್ಕವು, ಆದರೆ ಒಟ್ಟು ಸೇರಿದರೆ ದೊಡ್ಡವು. ಆಕ್ಸಿಲರೇಟರಿನ ಸರಳುಗಳ ಬುಷ್ ಸವೆದು, ಪೆಡಲನ್ನು ನೆಲಕ್ಕೆ ಮುಟ್ಟಿಸಿದರೂ ಕಾರ್ಬುರೇಟರಿನ ಬಾಯಿ ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿತ್ತು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಸಂದು 0.5 ಮಿ.ಮೀ. ಇರಬೇಕಾದದ್ದು ಅದರ ಅರ್ಧಕ್ಕೆ ಇಳಿದಿತ್ತು. ಶಾಫ್ಟೇ ಅಲ್ಲಾಡುತ್ತಿದ್ದುದರಿಂದ ಟೈಮಿಂಗ್, ಎಂದರೆ ಕಿಡಿ ಹಾರುವ ಸಮಯ, ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಸೈಲೆನ್ಸರಿನೊಳಗೆ ತುಕ್ಕಿನ ಹಾಳೆಯೊಂದು ಕಳಚಿ ಹೊಗೆಯ ದಾರಿಗೆ ಅಡ್ಡ ಬಿದ್ದಿತ್ತು. ಇವೆಲ್ಲ ಸರಿಹೋದ ಮೇಲೆ ನಾಲ್ಕೂ ಸಿಲಿಂಡರುಗಳು 115ರಿಂದ 120 ಪೌಂಡಿನ ನಡುವೆ ತೋರಿಸಿದವು. ಮೊದಲ ದಿನ ಗೇಟಿನಿಂದ ಹೊರಗೆ ತಿರುಗಿಸುವಾಗಲೇ ಗಾಡಿ ಬೇರೆಯಾಗಿದೆ ಎಂಬುದು ಕಾಲಿಗೇ ತಿಳಿಯಿತು.

ಈಗ ಶಕ್ತಿಯ ಲೆಕ್ಕಕ್ಕೆ ಬರುತ್ತೇನೆ. ಹರಿಕೇನ್ ಎಂಜಿನ್ ಹೊಸದರಲ್ಲಿ ಕೊಡುವುದು ಸುಮಾರು 75 ಅಶ್ವಶಕ್ತಿ. ಇಂದಿನ ಸಣ್ಣ ಕಾರುಗಳಿಗೂ ಅಷ್ಟಿರುತ್ತದೆ. ಆದರೆ ಏರು ಹತ್ತಲು ಬೇಕಾದದ್ದು ತಿರುಚು ಬಲ, ಎಂದರೆ ಟಾರ್ಕ್. ಅದು ಈ ಎಂಜಿನ್ನಿನಲ್ಲಿ ನಿಮಿಷಕ್ಕೆ 2000 ಸುತ್ತಿನಲ್ಲೇ ಸುಮಾರು 155 ನ್ಯೂಟನ್ ಮೀಟರಿನಷ್ಟು ಸಿಗುತ್ತದೆ. ಇದನ್ನು ಗೇರುಗಳು ಹಿಗ್ಗಿಸುತ್ತವೆ. ಮೂರು ಗೇರಿನ ಟಿ-90 ಪೆಟ್ಟಿಗೆಯ ಮೊದಲ ಗೇರು 2.8 ಪಟ್ಟು, ಬಲವನ್ನು ಹಿಂದಿನ ಮುಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46 ಪಟ್ಟು, ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್ ಗೇರು 5.38 ಪಟ್ಟು, ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ನಿಮಿಷಕ್ಕೆ 1000 ಸುತ್ತಿನಲ್ಲಿ ಗಾಡಿ ಗಂಟೆಗೆ ಸುಮಾರು ಮೂರೂವರೆ ಕಿಲೋಮೀಟರ್ ಹೋಗುತ್ತದೆ, ಅಂದರೆ ಮನುಷ್ಯ ನಡೆಯುವುದಕ್ಕಿಂತ ನಿಧಾನ. ಘರ್ಷಣೆಯಲ್ಲಿ ಹೋಗುವುದನ್ನು ಕಳೆದರೂ ಚಕ್ರಕ್ಕೆ ಮುಟ್ಟುವ ಬಲ, ಟಯರಿಗೆ ನೆಲ ಸಿಕ್ಕುವಷ್ಟು ಹೊತ್ತೂ, ಧಾರಾಳ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಭಕ್ತರನ್ನು ಹತ್ತಿಸುವ ಜೀಪುಗಳ ಚಾಲಕರನ್ನು ಗಮನಿಸಿ. ಅವರು ಆ ಕೊರಕಲಿನಲ್ಲಿ ಎಂಜಿನ್ನನ್ನು ಕಿರುಚಿಸುವುದಿಲ್ಲ. ಏರು ಶುರುವಾಗುವ ಮೊದಲೇ ಗೇರು ಹಾಕಿಕೊಂಡು, ಕ್ಲಚ್ಚಿನಿಂದ ಕಾಲು ತೆಗೆದು, ಗಾಡಿಯನ್ನು ಅದರ ಪಾಡಿಗೆ ಹತ್ತಲು ಬಿಡುತ್ತಾರೆ. ನಮ್ಮ ಜೀಪಿನ ಮೊದಲ ಗೇರಿಗೆ ಸಿಂಕ್ರೊ (ಓಡುವಾಗ ಗೇರುಗಳ ವೇಗ ಹೊಂದಿಸುವ ಭಾಗ) ಇಲ್ಲದಿರುವುದರಿಂದ ಏರಿನ ಮಧ್ಯೆ ಅದನ್ನು ಹಾಕುವ ಮಾತೇ ಇಲ್ಲ. ಬುಡದಲ್ಲಿ ನಿಂತು ಹಾಕಿಯೇ ಹೊರಡಬೇಕು. ಈ ಒಂದು ಶಿಸ್ತು ನನಗೆ ಕಲಿಸಿದ್ದು ಬೇರೆ ಯಾವುದೇ ಹೊಸ ಭಾಗ ಹಾಕಿಸಿ ಸಿಗುತ್ತಿರಲಿಲ್ಲ.

ಡೀಸೆಲ್ ಎಂಜಿನ್ ಕೈಬಿಟ್ಟದ್ದಕ್ಕೆ ಇದರಿಂದಲೇ ಮೊದಲ ಕಾರಣ ಹೊರಟಿತು. ಹೆಚ್ಚಿನ ಬಲ ತಂದರೆ ಅದನ್ನು ಗೇರುಪೆಟ್ಟಿಗೆ ಹೊರಬೇಕು. ಗೇರುಪೆಟ್ಟಿಗೆ ಬದಲಾಯಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗಿ ಅದರ ತುದಿಯ ಕೀಲುಗಳಾದ ಕ್ರಾಸ್‌ಗಳ ಕೋನ ಕೆಡುತ್ತದೆ. ಅದೂ ಸರಿಹೋಯಿತೆಂದರೆ ಹಿಂದಿನ ಆಕ್ಸಲ್ ಶಾಫ್ಟು ತಿರುಚಿಕೊಳ್ಳುತ್ತದೆ. ಮುಂದೆ ತೂಕ ಹೆಚ್ಚಿ ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಕುಸಿಯುತ್ತವೆ. ಹೆಚ್ಚಿದ ವೇಗವನ್ನು ನಿಲ್ಲಿಸಲು ಆ ಡ್ರಮ್ ಬ್ರೇಕುಗಳು ಸಾಲುವುದಿಲ್ಲ. ಒಂದು ಕೆಲಸಕ್ಕೆ ಕೈ ಹಾಕಿದವರು ಐದು ಕೆಲಸ ಮಾಡಲೇಬೇಕು, ಮತ್ತು ಐದನ್ನೂ ಒಟ್ಟಿಗೆ ಮಾಡುವಷ್ಟು ಹಣ ಇಲ್ಲದವರು ಮೊದಲನೆಯದನ್ನೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ಕಾರಣ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅನುಮತಿ ಇಲ್ಲದೆ ಬೇರೆ ಎಂಜಿನ್ ಹಾಕಿದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯೂ ಕೈಕೊಡಬಹುದು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮವೂ ಮೂಲರೂಪ ಉಳಿದಿರಬೇಕೆಂದೇ ಕೇಳುತ್ತದೆ. ಆ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಬಳಸುವಂತಿಲ್ಲವಾದ್ದರಿಂದ ನಾವು ಅತ್ತ ಹೋಗಲಿಲ್ಲ. ಆದರೆ ಮುಂದೆಂದಾದರೂ ಹೋಗುವ ದಾರಿ ತೆರೆದಿರಲಿ ಎಂಬ ಆಸೆ ಇದೆ.

ಒಂದು ವಿಷಯದಲ್ಲಿ ನಾನು ಮೇಸ್ತ್ರಿಯ ಮಾತು ಮೀರಿದೆ. ಗಾಡಿ ಇನ್ನೆರಡು ಇಂಚು ಎತ್ತರವಾದರೆ ಕಲ್ಲುಗಳಿಗೆ ಹೌಸಿಂಗ್ (ಆಕ್ಸಲ್ಲಿನ ಗೇರುಗಳ ಗೂಡು) ತಾಗುವುದು ತಪ್ಪುತ್ತದೆ ಎಂದುಕೊಂಡು, ಪೇಟೆಯ ಒಂದು ಗ್ಯಾರೇಜಿನಲ್ಲಿ ಉದ್ದನೆಯ ಶ್ಯಾಕಲ್‌ಗಳನ್ನು, ಎಂದರೆ ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿಗಳನ್ನು, ಮಾಡಿಸಿ ಮುಂದಕ್ಕೆ ಹಾಕಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಡಾಂಬರು ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ದಾಟುತ್ತಿದ್ದಂತೆ, ಒಂದು ಸಣ್ಣ ಗುಂಡಿಗೆ ಚಕ್ರ ಬಿದ್ದ ಕೂಡಲೇ ಮುಂದಿನ ಎರಡೂ ಚಕ್ರಗಳು ಹುಚ್ಚು ಹಿಡಿದಂತೆ ಅದುರತೊಡಗಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಿತು. ಪೂರ್ತಿ ನಿಲ್ಲಿಸುವವರೆಗೂ ಆ ಅದುರು ನಿಲ್ಲಲಿಲ್ಲ; ಎದುರಿನಿಂದ ಬಸ್ಸು ಬರದೆ ಇದ್ದದ್ದು ನಮ್ಮ ಪುಣ್ಯ, ಹಿಂದೆ ನನ್ನ ಮಗಳು ಕುಳಿತಿದ್ದಳು. ಈ ಜೀಪುಗಳಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂತುದಿಯಲ್ಲಿರುತ್ತದೆ. ಅದು ಉದ್ದವಾದರೆ ಸ್ಪ್ರಿಂಗಿನ ಮುಂಭಾಗ ಕೆಳಗಿಳಿದು, ಆಕ್ಸಲ್ ಮುಂದಕ್ಕೆ ಹೊರಳಿ, ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ ಹಿಂದಕ್ಕೆ ವಾಲಿರಬೇಕಾದ ಕೋನ, ಎಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ಚಕ್ರಗಳನ್ನು ನೇರಕ್ಕೆ ತಂದು ನಿಲ್ಲಿಸುವುದು ಆ ಕೋನವೇ. ಸವೆದ ಕಿಂಗ್‌ಪಿನ್ ಬೇರಿಂಗುಗಳೂ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ತುದಿಗಳೂ ಅದಕ್ಕೆ ಜೊತೆಯಾದವು. ಮರುದಿನವೇ ಹಳೆಯ ಶ್ಯಾಕಲ್‌ಗಳನ್ನು ಹಾಕಿ, ಕಿಂಗ್‌ಪಿನ್ ಬೇರಿಂಗ್ ಬದಲಾಯಿಸಿ, ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ತೆಳುವಾದ ಉಕ್ಕಿನ ಬೆಣೆ ಇಟ್ಟು ಕೋನ ಸರಿಮಾಡಿದೆವು. ಎತ್ತರ ಬೇಕೆಂದರೆ ಸರಿಯಾದ ಬಾಗು ಇರುವ ಹೊಸ ಪ್ಲೇಟ್ ಸೆಟ್ ಹಾಕಿಸಿ. ಉದ್ದನೆಯ ಶ್ಯಾಕಲ್ ಯಾರೂ ಹಾಕಿಸಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ಟಯರಿನ ವಿಷಯದಲ್ಲಿ ನಾನು ಹಳೆಯ 6.00-16 ಅಳತೆಯಲ್ಲೇ ಉಳಿದಿದ್ದೇನೆ. 31 ಇಂಚಿನ ಅಗಲ ಟಯರ್ ಹಾಕಿದರೆ ಗಾಡಿಗೆ ಬೇರೆಯೇ ಗತ್ತು ಬರುತ್ತದೆ ಎಂಬುದು ನಿಜ, ಆದರೆ ವ್ಯಾಸ ಹೆಚ್ಚಿದಷ್ಟೂ ಮೇಲೆ ಹೇಳಿದ 37ರ ಲಾಭ ಕರಗುತ್ತದೆ. ಸುಮಾರು ಶೇ 9ರಷ್ಟು ಬಲ ಟಯರಿಗೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ ನಮ್ಮ ತೋಟದ ದಾರಿಗಳಲ್ಲಿ ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ ನೆಲ. ಕಿರಿದಾದ ಟಯರ್ ಕೆಸರನ್ನು ಸೀಳಿ ಆ ಗಟ್ಟಿ ನೆಲವನ್ನು ಮುಟ್ಟುತ್ತದೆ, ಅಗಲವಾದದ್ದು ಮೇಲೆಯೇ ತೇಲಿ ಜಾರುತ್ತದೆ. ಮರಳಿನಲ್ಲಿ ಓಡಿಸುವವರಿಗೆ ಈ ಮಾತು ತಲೆಕೆಳಗು. ಆಷಾಢದ ಮಳೆಗೆ ಹಿಂದಿನ ಚಕ್ರಗಳಿಗೆ ಚೈನ್ ಕಟ್ಟುತ್ತೇವೆ. ಆ ಕಬ್ಬಿಣದ ಚೈನ್ ಕೊಡುವ ಹಿಡಿತವನ್ನು ಯಾವ ದುಬಾರಿ ಟಯರೂ ಕೊಟ್ಟದ್ದನ್ನು ನಾನು ನೋಡಿಲ್ಲ. ಗಾಳಿ ಇಳಿಸುವಾಗ ಮಾತ್ರ ಟ್ಯೂಬ್ ಇರುವ ಟಯರಿನಲ್ಲಿ ಎಚ್ಚರ ಬೇಕು: ತೀರಾ ಇಳಿಸಿದರೆ ರಿಮ್ಮಿನ ಮೇಲೆ ಟಯರ್ ತಿರುಗಿ ಟ್ಯೂಬಿನ ವಾಲ್ವು ಬುಡಸಮೇತ ಹರಿಯುತ್ತದೆ. ಹಾಗೆಯೇ ಡಾಂಬರಿಗೆ ಬಂದ ಕೂಡಲೇ ಫೋರ್ ವ್ಹೀಲ್ ಬಿಡಿಸಬೇಕು. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇಲ್ಲದ್ದರಿಂದ ತಿರುವುಗಳಲ್ಲಿ ಶಾಫ್ಟುಗಳು ಒಂದಕ್ಕೊಂದು ತಿರುಚಿಕೊಂಡು ಲೀವರ್ ಕಚ್ಚಿಕೊಳ್ಳುತ್ತದೆ. ಆಗ ಅದನ್ನು ಜಗ್ಗದೆ, ಗಾಡಿಯನ್ನು ನಾಲ್ಕು ಮಾರು ರಿವರ್ಸ್ ತೆಗೆದುಕೊಂಡರೆ ತಾನಾಗಿ ಸಡಿಲವಾಗುತ್ತದೆ.

ನೀರು ದಾಟುವ ವಿಚಾರದಲ್ಲಿ ಎಲ್ಲರೂ ಎಂಜಿನ್ನಿಗೆ ನೀರು ಹೋಗುವುದನ್ನು ಹೆದರುತ್ತಾರೆ, ಹೆದರಬೇಕಾದದ್ದೇ. ಆದರೆ ಸದ್ದಿಲ್ಲದೆ ಗಾಡಿಯನ್ನು ತಿನ್ನುವುದು ಹೌಸಿಂಗಿಗೆ ಹೋದ ನೀರು. ಏರು ಹತ್ತಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಉಸಿರಾಟದ ತೂತಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನಾವು ಹಿಂದಿನ ಹೌಸಿಂಗಿನ ಬೋಲ್ಟ್ ಬಿಚ್ಚಿದಾಗ ಇಳಿದದ್ದು ಎಣ್ಣೆಯಲ್ಲ, ಹಾಲು ಹೆಚ್ಚಾದ ಕಾಫಿಯ ಬಣ್ಣದ ಗಂಜಿ. ಬೇರಿಂಗುಗಳ ಮೇಲೆ ತುಕ್ಕಿನ ಚುಕ್ಕೆಗಳಿದ್ದವು. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಅದನ್ನು ಬಾಡಿಯ ಎತ್ತರಕ್ಕೆ ಏರಿಸಿ ಕಟ್ಟಿದೆವು. ನಾನು ಈ ಗಾಡಿಗೆ ಮಾಡಿದ ಮಾರ್ಪಾಡುಗಳಲ್ಲಿ ಅತಿ ಅಗ್ಗದ್ದೂ ಅತಿ ಬೆಲೆಯುಳ್ಳದ್ದೂ ಇದೇ. ಹಳ್ಳ ದಾಟಿದ ಮೇಲೆ ಡ್ರಮ್ಮುಗಳು ನೆಂದು ಬ್ರೇಕ್ ಹಿಡಿಯುವುದಿಲ್ಲ. ಐವತ್ತು ಮಾರು ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಓಡಿಸಿ ಒಣಗಿಸಬೇಕು. ಹ್ಯಾಂಡ್ ಬ್ರೇಕನ್ನೂ ಪೂರ್ತಿ ನಂಬುವಂತಿಲ್ಲ. ಅದು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಶಾಫ್ಟಿನ ಕ್ರಾಸ್ ಮುರಿದರೆ ಅದೂ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಕೊಡುವ ಅಪ್ಪನ ಅಭ್ಯಾಸವನ್ನು ನಾನೂ ಬಿಟ್ಟಿಲ್ಲ.

ಬಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಸಗೊಬ್ಬರದ ಚೀಲ ಹೊತ್ತ ಗಾಡಿಗಳ ನೆಲದ ತಗಡು ಉಳಿಯುವುದಿಲ್ಲ. ನಮ್ಮದೂ ಉಳಿದಿರಲಿಲ್ಲ, ಹೊಸದಾಗಿ ಮಾಡಿಸಿದೆವು. ಬಣ್ಣಕ್ಕಿಂತ ಮೊದಲು ಚಾಸಿಸ್ಸನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಪ್ರತಿ ಅಂಗುಲ ನೋಡಿ ಎಂದಷ್ಟೇ ಹೇಳುತ್ತೇನೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರಿನ ಪಕ್ಕದಲ್ಲಿ ನಮಗೆ ಸಿಕ್ಕ ಕೂದಲೆಳೆಯ ಬಿರುಕು, ಹಳೆಯ ಬಣ್ಣದ ಕೆಳಗೆ ಎಷ್ಟು ವರ್ಷದಿಂದ ಇತ್ತೋ ತಿಳಿಯದು.

ಈ ಗಾಡಿಯನ್ನು ನಾವು ಓಡಿಸುವುದು ನಮ್ಮ ತೋಟದಲ್ಲಿ ಮತ್ತು ಕರೆದರೆ ನೆರೆಯವರ ತೋಟದಲ್ಲಿ. ಶೋಲಾ ಕಾಡಿನೊಳಕ್ಕೆ, ಹುಲ್ಲುಗಾವಲಿನ ಬೆಟ್ಟದ ಮೇಲಕ್ಕೆ, ಹಳ್ಳದ ಪಾತ್ರದ ಉದ್ದಕ್ಕೆ ಜೀಪು ನುಗ್ಗಿಸುವ ಗುಂಪುಗಳಿಂದ ಕರೆ ಬಂದಾಗ ನಾನು ಹೋಗಿಲ್ಲ. ಒಂದು ಮಳೆಗಾಲದಲ್ಲಿ ಹುಲ್ಲಿನ ಮೇಲೆ ಬಿದ್ದ ಚಕ್ರದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ, ಮತ್ತು ಆ ಮಣ್ಣು ಬಂದು ತುಂಬುವುದು ಕೆಳಗಿನವರ ಗದ್ದೆಗೆ.

ಸದ್ಯಕ್ಕೆ ಉಳಿದಿರುವ ಕೆಲಸ ಒಂದೇ: ಇಳಿಜಾರಿನಲ್ಲಿ ಕಾಲು ತೆಗೆದರೆ ಟಿ-90 ಪೆಟ್ಟಿಗೆ ಎರಡನೆಯ ಗೇರಿನಿಂದ ಹಾರುತ್ತದೆ. ಸಿಂಕ್ರೊ ಹಬ್ ಸವೆದಿರಬೇಕೆಂದು ಮೇಸ್ತ್ರಿಯ ಊಹೆ. ಬೇಕಾದ ಗೇರುಗಳನ್ನು ಜೆ.ಸಿ. ರಸ್ತೆಯಲ್ಲಿ ಹೇಳಿಟ್ಟಿದ್ದೇನೆ. ಅವು ಬರುವವರೆಗೆ ಎಡಗೈಯಲ್ಲಿ ಸ್ಟೀರಿಂಗ್, ಬಲಗೈಯಲ್ಲಿ ಗೇರಿನ ಕೋಲನ್ನು ಒತ್ತಿಹಿಡಿದೇ ಇಳಿಯುತ್ತಿದ್ದೇನೆ.